ಕಡತಸ್ಮೃತಿಯೂ ಲೇಖ್ಯಪ್ರಾಮಾಣ್ಯವೂ

ಕಾವೇರೀತೀರದ ನೆಲ್ಯಹುದಿಕೇರಿಯಲ್ಲಿ ೨೦೧೯ನೆಯ ಇಸವಿಯ ಆಗಸ್ಟ್ ಮಾಸದ ನೆರೆಯು ಅನೇಕ ಮನೆಗಳನ್ನು ಕೆಡಹಿತು. ಮನೆಯಳಿದ ಬಳಿಕ ಸ್ವತ್ತಿನ ಹಕ್ಕಿಗೆ ಮುಖ್ಯಾಧಾರವು ಲೇಖ್ಯವು. ಜಮೀನಿನ ಪಹಣಿಯೂ ಈಗ ಕಂಪ್ಯೂಟರನ್ನು ಸೇರಿರುವುದರಿಂದ, 'ಬರೆದಾಯಿತು' ಎಂಬ ಯಂತ್ರವಾಕ್ಯವು ಎಷ್ಟರಮಟ್ಟಿಗೆ ಪ್ರಮಾಣವೆಂಬುದು ವಿಚಾರಾರ್ಹವಾಗಿದೆ.

ಲಿನಕ್ಸ್ ವ್ಯವಸ್ಥೆಯ ಕರ್ನೆಲ್, ಕಡತಕ್ಕೆ ಬರೆದುದನ್ನು ಮೊದಲು ಸ್ಮೃತಿಯ ಪುಟಗಳಲ್ಲಿರಿಸಿಕೊಂಡು ಕಾರ್ಯವು ಮುಗಿಯಿತೆನ್ನುತ್ತದೆ. ಡಿಸ್ಕಿಗೆ ಸೇರಿಸುವುದು ಆಮೇಲೆ. ಸಾಮಾನ್ಯ ನಿಯಮದಂತೆ ೩೦ ಸೆಕೆಂಡು ಕಳೆದ ಪುಟಗಳ ಸರದಿ ಬರುವುದು. ಅಷ್ಟರೊಳಗೆ ವಿದ್ಯುತ್ತು ನಿಂತರೆ ಬರೆಹವು ನಷ್ಟ. ಇದು ವೇಗಕ್ಕಾಗಿ ಒಪ್ಪಿದ ಕ್ರಮವಾದುದರಿಂದ ದೋಷವೆನ್ನಲಾಗದು. ನಿಶ್ಚಯವನ್ನು ಬಯಸುವವರಿಗೆ 'ಎಫ್‌ಸಿಂಕ್' ಎಂಬ ಆಜ್ಞೆಯುಂಟು.

ದೋಷವಿರುವುದು ಆ ಆಜ್ಞೆಯು ವಿಫಲವಾದಲ್ಲಿ. ಡಿಸ್ಕಿನಲ್ಲಿ ಬರೆಹವು ನಿಲ್ಲದಿದ್ದಾಗ ಕರ್ನೆಲ್ ಒಮ್ಮೆ ತಪ್ಪನ್ನು ತಿಳಿಸಿ, ಆ ಪುಟವನ್ನು ಶುದ್ಧವೆಂದೇ ಗುರುತಿಸುವುದುಂಟು. ಪುನಃ ಆಜ್ಞಾಪಿಸಿದರೆ 'ಸಫಲ'ವೆಂದು ಉತ್ತರ. ೨೦೧೮ರಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಗ್ರಹದ ನಿರ್ಮಾತೃಗಳಿಂದ ಈ ಸಂಗತಿಯು ಚರ್ಚೆಗೆ ಬಂದಿತು.

ಪೂರ್ವಪಕ್ಷವಿಂತು: ಕಿತ್ತುಹೋದ ಡಿಸ್ಕಿನ ಪುಟಗಳನ್ನು ಬಿಡದೆ ಹಿಡಿದಿದ್ದರೆ ಸ್ಮೃತಿಯೆಲ್ಲವೂ ತುಂಬಿ ಯಂತ್ರವೇ ನಿಲ್ಲುವುದು. ಇದು ಯುಕ್ತವೇ. ಆದರೆ ಪುಟವನ್ನು ತ್ಯಜಿಸುವುದು ಬೇರೆ, ಅಶುದ್ಧವಾದುದನ್ನು ಶುದ್ಧವೆನ್ನುವುದು ಬೇರೆ. ಮೊದಲನೆಯದು ನಷ್ಟ, ಎರಡನೆಯದು ಅಸತ್ಯ.

೨೦೧೯ರಲ್ಲಿ ಪೋಸ್ಟ್‌ಗ್ರೆಸ್ ತಳೆದ ಮಾರ್ಗವು ಶ್ಲಾಘ್ಯವಾದುದು: ಎಫ್‌ಸಿಂಕ್ ಒಮ್ಮೆ ವಿಫಲವಾದೊಡನೆ ಅದು ತಾನೇ ನಿಂತು, ಮುಂಚೆಯೇ ಬರೆದಿಟ್ಟ ದಿನಚರಿಯಿಂದ ದತ್ತವನ್ನು ಪುನಃ ಕಟ್ಟಿಕೊಳ್ಳುವುದು. ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಗಣಿಸರು. ಕರ್ನೆಲಿನ ಸ್ಮೃತಿಯ ವಿಷಯದಲ್ಲಿಯೂ ಆ ನಿರ್ಣಯವೇ ಸಾಧುವಾದುದು.