ಹದಿನಾಲ್ಕು ಮನೆತನಗಳ ಕೈನೆಸಿನ್

ಜೀವಕೋಶದೊಳಗೆ ಸರಕು ಹೊತ್ತು ನಡೆಯುವ ಪ್ರೋಟೀನ್ ಕೈನೆಸಿನ್; ಸೂಕ್ಷ್ಮನಾಳಿಕೆಯ ಮೇಲೆ ಅದರ ಒಂದೊಂದು ಹೆಜ್ಜೆಯೂ 8 ನ್ಯಾನೋಮೀಟರ್. 1985ರಲ್ಲಿ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಅದು ಸಿಕ್ಕ ಮೇಲೆ, ಪ್ರತಿ ಪ್ರಯೋಗಾಲಯವೂ ತನ್ನ ಜೀವಿಯಲ್ಲಿ ಕಂಡ ಬಂಧುವಿಗೆ ತೋಚಿದ ಹೆಸರಿಟ್ಟಿತು. ಕೋಶ ಒಡೆಯುವಾಗ ಎರಡು ಧ್ರುವಗಳನ್ನು ದೂರ ತಳ್ಳುವ ಮೋಟಾರನ್ನೇ ನೋಡಿ: ಕಪ್ಪೆಯಲ್ಲಿ ಇಜಿ5, ಆಸ್ಪರ್ಜಿಲಸ್ ಶಿಲೀಂಧ್ರದಲ್ಲಿ ಬಿಮ್‌ಸಿ, ಒಂದು ಬಗೆಯ ಯೀಸ್ಟ್‌ನಲ್ಲಿ ಕಟ್7, ಹಣ್ಣುನೊಣದಲ್ಲಿ ಕೆಎಲ್‌ಪಿ61ಎಫ್. ಇವೆಲ್ಲ ಒಂದೇ ಬಳ್ಳಿಯ ಕುಡಿಗಳೆಂದು ಹೆಸರು ನೋಡಿದರೆ ಯಾರಿಗೆ ಹೊಳೆದೀತು?

2004ರಲ್ಲಿ ಸಂಶೋಧಕರು ಒಟ್ಟಾಗಿ ಕೂತು ಇವಕ್ಕೆಲ್ಲ ಕೈನೆಸಿನ್-5 ಎಂಬ ಒಂದೇ ಕುಟುಂಬನಾಮ ಕೊಟ್ಟರು. ಅಂಥ ಕುಟುಂಬಗಳು ಒಟ್ಟು 14.

ನನಗೆ ಬಹಳ ಹಿಡಿಸಿದ್ದು ಅವರು ಹಿಡಿದ ಅಳತೆಗೋಲು. ಕೆಲಸ ನೋಡಿ ಜಾತಿ ಕಟ್ಟಲಿಲ್ಲ. ಮೋಟಾರು ಭಾಗದ ಅಮೈನೋ ಆಮ್ಲ ಸರಣಿಯಲ್ಲಿ ವಂಶ ಹುಡುಕಿದರು. ಹಾಗಾಗಿಯೇ, ನಡೆಯುವುದನ್ನೇ ಬಿಟ್ಟು ನಾಳಿಕೆಯ ತುದಿಯನ್ನು ಕಳಚುವ ಕೈನೆಸಿನ್-13ಕ್ಕೂ, ಉಳಿದವು ಸಾಮಾನ್ಯವಾಗಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಸಾಗುವ ಕೈನೆಸಿನ್-14ಕ್ಕೂ ಮನೆಯಲ್ಲಿ ಜಾಗ ಸಿಕ್ಕಿತು. ಎಲ್ಲಿಯೂ ಹೊಂದದವನ್ನು ಬಲವಂತವಾಗಿ ತುರುಕದೆ ಅನಾಥವೆಂದೇ ಗುರುತಿಸಿದ್ದು ದೊಡ್ಡ ಪ್ರಾಮಾಣಿಕತೆ. ಹಳೆಯ ಹೆಸರುಗಳೂ ಅಳಿದಿಲ್ಲ. ಇಜಿ5 ಇಂದಿಗೂ ಪ್ರಬಂಧಗಳಲ್ಲಿ ಕುಟುಂಬನಾಮದ ಪಕ್ಕದಲ್ಲೇ ಕಾಣುತ್ತದೆ.