ಹೆಳವರ ಹೊತ್ತಿಗೆ ಯಾರನ್ನು ಹುಡುಕಿಕೊಡುತ್ತದೆ?

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಹರಿಹರ ಸೀಮೆಯ ಹಳ್ಳಿಗಳಿಗೆ, ಮನೆತನಗಳ ವಂಶಾವಳಿಯನ್ನು ಹೊತ್ತಿಗೆಯಲ್ಲಿ ಬರೆದಿಟ್ಟು ಓದಿ ಹೇಳುವ ಹೆಳವರು ಬರುತ್ತಾರೆ. ಕಟ್ಟೆಯ ಮೇಲೆ ಕೂತು ಅರಿವೆಯ ಗಂಟು ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ರಾಗವಾಗಿ ಶುರುಮಾಡುತ್ತಾರೆ: ಮೂಲ ಊರು ಇಂಥದ್ದು, ಮನೆದೇವರು ಇಂಥವರು, ಬೆಡಗು ಇಂಥದ್ದು; ಬರ ಬಿದ್ದಾಗ ಅಣ್ಣ ಅಲ್ಲೇ ಉಳಿದ, ತಮ್ಮ ಹೊಳೆ ದಾಟಿ ಬಂದ.

ಈ ಕೊನೆಯ ಮಾತಿನಲ್ಲೇ ಹೆಳವರ ಹೆಚ್ಚುಗಾರಿಕೆಯಿದೆ. ಪಹಣಿಗೆ ಹೊಲ ಮುಖ್ಯ. ಹೊಲ ಮಾರಿ ಹೋದವನ ಗೊಡವೆ ಅದಕ್ಕೆ ಬೇಡ. ಹೆಳವರು ಹೋದವನ ಬೆನ್ನು ಬೀಳುತ್ತಾರೆ. ದಾವಣಗೆರೆಯ ಹತ್ತಿಗಿರಣಿಗಳಿಗೋ, 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೋ ದುಡಿಯಲು ಬಂದವರನ್ನು ಬಾಡಿಗೆ ಮನೆಯಲ್ಲೂ ಹುಡುಕಿ, ಹೊಸ ಮಕ್ಕಳ ಹೆಸರು ಬರೆದುಕೊಳ್ಳುವ ಕಸುಬು ಇದು. ತಾಮ್ರಪಟ, ತಾಳೆಗರಿ ದಾಟಿ ನೋಟುಬುಕ್ಕಿಗೆ ಬಂದರೂ ಕ್ರಮ ಬದಲಾಗಿಲ್ಲ.

ಆದರೆ ಒಂಟಿಯಾಗಿ ಊರು ಬಿಟ್ಟ ಮಗು? ಅಲ್ಲಿ ಹೊತ್ತಿಗೆ ಸೋಲುತ್ತದೆ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುವ ಸಾಲಿನಲ್ಲಿ ಕೊಟ್ಟ ಹೆಣ್ಣುಮಗಳು ಬೇಗ ಮರೆಯಾಗುತ್ತಾಳೆ. ಕಷ್ಟಕಾಲದಲ್ಲಿ ಬಂಧುಗಳ ಮನೆಗೆ ಕಳಿಸಿದ ಹುಡುಗ ಮರಳದಿದ್ದರೆ ಅವನ ಕವಲು ಅಲ್ಲಿಗೇ ನಿಲ್ಲುತ್ತದೆ. ಹೆಳವರಿಗೆ ಕಾಳು ಅಳೆದು ಕೊಡುವವನು ಮನೆಯ ಯಜಮಾನ. ಅವನು ಬಾಯಿ ಬಿಟ್ಟಷ್ಟೇ ಬರಹ. ಹೆಳವರು ಒಕ್ಕಲೆಂದು ಒಪ್ಪದ ಕೇರಿಗಳಿಗಂತೂ ಹೊತ್ತಿಗೆಯೇ ಇಲ್ಲ.

ಹೋಲಿಕೆಗೆ ದೂರ ಹೋಗಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಆಡಳಿತ ಗಡೀಪಾರು ಮಾಡಿದ ಪೋಲೆಂಡಿನ ಕುಟುಂಬಗಳು ಇರಾನ್ ಮೂಲಕ ಭಾರತಕ್ಕೆ ಬಂದವು. ಕೊಲ್ಲಾಪುರದ ಪಕ್ಕದ ವಳಿವಡೆ ಶಿಬಿರದಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಮಂದಿ ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅಪ್ಪ ಎಲ್ಲಿ, ಅಣ್ಣ ಎಲ್ಲಿ ಎಂದು ತಿಳಿಯದ ಮಕ್ಕಳೂ ಅಲ್ಲಿದ್ದರು. ಮುಂದೆ ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಚೆದುರಿದ ಅವರು ಸಂಘ ಕಟ್ಟಿಕೊಂಡು, ನೆನಪು, ಫೋಟೊ ಕೂಡಿಹಾಕಿ ತಮ್ಮ ಚರಿತ್ರೆಯನ್ನು ತಾವೇ ಪುಸ್ತಕ ಮಾಡಿದರು. ಅಲ್ಲಿ ಮಗು ಯಾರದೋ ವಂಶದ ಬಾಲವಾಗಿ ಬರದೆ, ತನ್ನ ಹೆಸರಿನಲ್ಲೇ ಬರುತ್ತದೆ. ಹೆಳವರ ಹೊತ್ತಿಗೆಯಂತೆ ಏಳು ತಲೆಮಾರಿನ ಆಳ ಆ ಪುಸ್ತಕಕ್ಕಿಲ್ಲ, ನಿಜ.

ಈಚೆಗೆ ಹೆಳವರನ್ನು ಹುಡುಕಿಕೊಂಡು ಹೋಗುವವರಲ್ಲಿ ಆಸ್ತಿ ವ್ಯಾಜ್ಯದವರೂ ಇದ್ದಾರೆ. ಇದು ನನಗೆ ದಿಗಿಲು ಹುಟ್ಟಿಸುತ್ತದೆ. ಪಾಲು ಕೇಳಲು ಬಂದವನಿಗೆ ಮರೆತ ಸೋದರತ್ತೆ ಸಿಗದಿದ್ದರೇ ಲಾಭ. ಹೊತ್ತಿಗೆಗಳನ್ನು ಸ್ಕ್ಯಾನ್ ಮಾಡಿಸಿದರೂ ಅವಳ ಹೆಸರು ಮೂಡುವುದಿಲ್ಲ. ಹಳೆಯ ಕೈಬರಹವನ್ನು ಓದಿ ಹೇಳಬಲ್ಲ ಹೆಳವರು ಇರುವಾಗಲೇ, ಯಜಮಾನನ ಜೊತೆಗೆ ಮನೆಯ ಮುದುಕಿಯರನ್ನೂ ಕೂರಿಸಿ ಕೇಳಿ ಬರೆಸಬೇಕು. ಯಾರು ಯಾವ ಊರಿಗೆ ಹೋದರೆಂಬ ಲೆಕ್ಕ ಬಹಳಷ್ಟು ಮನೆಗಳಲ್ಲಿ ಇರುವುದು ಅವರ ಬಾಯಲ್ಲಿ.