ಎರಡು ಭಾಷೆಯ ಊರಿಗೆ ಒಂದೇ ಕೀಲಿಮಣೆ

ಕಚೇರಿ ಕೆಲಸ ಚುರುಕಾಗಿಸುವ ಉಪಾಯಗಳ ಪಟ್ಟಿ ಯಾವುದೇ ಇರಲಿ, ಎಕ್ಸೆಲ್‌ನಲ್ಲಿ ಮೊತ್ತ ಕೂಡಿಸಲು ಆಲ್ಟ್ ಒತ್ತಿ ಸಮಚಿಹ್ನೆ, ಇಂದಿನ ತಾರೀಖಿಗೆ ಕಂಟ್ರೋಲ್ ಒತ್ತಿ ಅರ್ಧವಿರಾಮ ಎಂಬವು ಅದರಲ್ಲಿ ಇದ್ದೇ ಇರುತ್ತವೆ. ಕಲಿಯಬೇಕಾದವೇ. ಆದರೆ ತೆಲಂಗಾಣದ ಗಡಿಭಾಗದ ಕೋಸಗಿ, ಮಕ್ತಲ್, ಗದ್ವಾಲದ ಕಡೆ ಕನ್ನಡವನ್ನೂ ತೆಲುಗನ್ನೂ ಟೈಪು ಮಾಡಬೇಕಾದವರ ಹೊತ್ತು ಹಾಳಾಗುವುದು ಅಲ್ಲಲ್ಲ. ಭಾಷೆ ಬದಲಾದಾಗಲೆಲ್ಲ ಬೆರಳು ತಡವರಿಸುತ್ತದೆ. ಅವರ ಪಾಲಿಗೆ ನಿಜವಾದ ಉಪಾಯ ಇನ್‌ಸ್ಕ್ರಿಪ್ಟ್ ಕೀಲಿಮಣೆ.

ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಈ ವಿನ್ಯಾಸ 1991ರಲ್ಲಿ ಭಾರತೀಯ ಮಾನಕದ ಭಾಗವಾಯಿತು. ಇದರ ತತ್ವ ಸರಳ: ಲಿಪಿ ಯಾವುದಾದರೂ ಒಂದು ಧ್ವನಿಗೆ ಒಂದೇ ಕೀಲಿ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ.

ಊರ ಹೆಸರನ್ನೇ ಬರೆದು ನೋಡಿ. ಕೆ, ಎ, ಎಂ, ಐ, ಎಫ್ ಕೀಲಿಗಳನ್ನು ಸಾಲಾಗಿ ಒತ್ತಿದರೆ ತೆರೆಯ ಮೇಲೆ ‘ಕೋಸಗಿ’ ಮೂಡುತ್ತದೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ತೆಲುಗಿಗೆ ಹೋಗಿ. ಅಲ್ಲಿ ಸ್ಗಿ ಎಂದು ಒತ್ತಕ್ಷರ ಬರೆಯುವುದರಿಂದ ಎಂ ಆದಮೇಲೆ ಡಿ ಒಂದು ಹೆಚ್ಚು; ಉಳಿದ ಐದೂ ಅವೇ. ಒಮ್ಮೆ ಕಲಿತ ಕೈ ಎರಡು ಲಿಪಿಗೂ ಸಾಕು.

ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲಿ ನೆಲೆಯೂರಿದ ವಿನ್ಯಾಸದ ಎದುರು ಇದು ಹೇಗೆ? ಕನ್ನಡವೊಂದನ್ನೇ ಬರೆಯುವವರಿಗೆ ರಾವ್ ಅವರದೇ ಮೇಲು. ಕ, ತ, ಪಗಳನ್ನು ಇಂಗ್ಲಿಷಿನ ಕೆ, ಟಿ, ಪಿಗಳಲ್ಲೇ ಇಟ್ಟಿರುವುದರಿಂದ ಬೇಗ ನೆನಪಿನಲ್ಲಿ ಕೂರುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಪ ಇರುವುದು ಎಚ್‌ನಲ್ಲಿ, ರ ಇರುವುದು ಜೆಯಲ್ಲಿ. ಮೊದಲ ದಿನಗಳು ಕಷ್ಟವೇ. ಇಂಗ್ಲಿಷಿನಲ್ಲಿ ಬರೆದು ಲಿಪ್ಯಂತರ ಮಾಡಿಸುವ ದಾರಿ ಎಲ್ಲಕ್ಕಿಂತ ಸುಲಭವಾಗಿ ಕಂಡರೂ ಲ ಬೇಕೋ ಳ ಬೇಕೋ, ನ ಬೇಕೋ ಣ ಬೇಕೋ ಎಂದು ಪದಪದಕ್ಕೂ ಕಣ್ಣಿಟ್ಟು ಆರಿಸಬೇಕು. ಹೆಸರಿನ ಪಟ್ಟಿಗಳಲ್ಲಿ ಆ ಸಣ್ಣ ತಪ್ಪೇ ದೊಡ್ಡ ತೊಂದರೆ. ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಿದ್ದೇ ಅಕ್ಷರ.

ಇನ್ನೊಂದು ಗುಣವಿದೆ. ವಿಂಡೋಸ್‌ನಲ್ಲೇ ಬರುವ ಈ ಕೀಲಿಮಣೆ ಬರೆಯುವುದು ಯೂನಿಕೋಡಿನಲ್ಲಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಕೂಡಿಟ್ಟ ಕಡತ ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳ ರಾಶಿ. ಅದರಲ್ಲಿ ಕಂಟ್ರೋಲ್ ಎಫ್ ಒತ್ತಿ ಕನ್ನಡದ ಹೆಸರು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಪಠ್ಯ ಯೂನಿಕೋಡಿನಲ್ಲಿದ್ದರೆ ಮಾತ್ರ ಉಳಿದ ಶಾರ್ಟ್‌ಕಟ್‌ಗಳಿಗೂ ಬೆಲೆ.

ಕೊರತೆಯೂ ಇದೆ. ಕನ್ನಡ ಅಕ್ಷರ ಅಚ್ಚಾದ ಕೀಲಿಮಣೆ ಅಂಗಡಿಯಲ್ಲಿ ಸಿಗುವುದು ಅಪರೂಪ, ಕಲಿಸುವವರೂ ಕಡಿಮೆ. ಇದು ಕಲಿಕೆಯ ವ್ಯವಸ್ಥೆಯ ಕೊರತೆ, ವಿನ್ಯಾಸದ್ದಲ್ಲ. ಗಡಿಯ ಕಂಪ್ಯೂಟರ್ ಕೇಂದ್ರಗಳೂ ಕನ್ನಡ ಶಾಲೆಗಳೂ ಮೊದಲ ಪಾಠವಾಗಿ ಇದನ್ನೇ ಕಲಿಸಲಿ. ಎರಡು ಭಾಷೆಯಲ್ಲಿ ದುಡಿಯುವ ಕೈಗಳಿಗೆ ಇದಕ್ಕಿಂತ ಉಪಯುಕ್ತವಾದ ವಿದ್ಯೆ ಕಂಪ್ಯೂಟರಿನಲ್ಲಿ ಬೇರೊಂದಿಲ್ಲ.